ಎರಡು ದಿನದ ಸಮಾವೇಶಕ್ಕೆ ಊರು, ಮೈದಾನ: ಕಾರವಾರವೋ, ಶಿರಸಿಯೋ, ಕುಮಟಾವೋ?

ಸ್ಥಳಸಮಿತಿ (ಪ್ರಶ್ನೆ)

ಪಕ್ಷ ಯಾವುದು ಅನ್ನೋದು ಇಲ್ಲಿ ಬೇಡ, ಚರ್ಚೆ ದಾರಿ ತಪ್ಪುತ್ತೆ. ಬರುವ ಚಳಿಗಾಲದಲ್ಲಿ ಉತ್ತರ ಕನ್ನಡ ಲೋಕಸಭಾ ಕ್ಷೇತ್ರ ಮಟ್ಟದ ಸಮಾವೇಶ ಮಾಡಬೇಕಿದೆ. ಎಂಟು ವಿಧಾನಸಭಾ ಕ್ಷೇತ್ರಗಳಿಂದ ತಲಾ 350ರಂತೆ 2,800 ಪ್ರತಿನಿಧಿಗಳು. ಜಿಲ್ಲೆಯ ಆರರ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರೂ ಸೇರುತ್ತವೆ. ಮೊದಲ ದಿನ ಪೂರ್ತಿ ಮತ್ತು ಎರಡನೇ ದಿನ ಮಧ್ಯಾಹ್ನದವರೆಗೆ ಪ್ರತಿನಿಧಿ ಸಭೆ, ಆಮೇಲೆ ಸಂಜೆ ಬಹಿರಂಗ ಸಭೆ. ಬಹಿರಂಗ ಸಭೆಗೆ 15,000 ಜನ ಅಂತ ಅಂದಾಜು. ರಾಜ್ಯ ನಾಯಕರು ಹೆಲಿಕಾಪ್ಟರ್‌ನಲ್ಲಿ ಬರ್ತಾರೆ.

ಪಟ್ಟಿಯಲ್ಲಿ ಉಳಿದಿರೋದು ಮೂರು ಊರು. ಕಾರವಾರದಲ್ಲಿ ಮಾಲಾದೇವಿ ಮೈದಾನ, ಇಲ್ಲವೇ ಟ್ಯಾಗೋರ್ ಕಡಲತೀರದ ಮಯೂರವರ್ಮ ವೇದಿಕೆ. ಶಿರಸಿಯಲ್ಲಿ ಮಾರಿಕಾಂಬಾ ಜಿಲ್ಲಾ ಕ್ರೀಡಾಂಗಣ. ಕುಮಟಾದಲ್ಲಿ ಮಣಕಿ ಮೈದಾನ. ಒಬ್ಬೊಬ್ಬರು ತಂತಮ್ಮ ಊರಿಗೇ ಎಳೀತಾ ಇದ್ದಾರೆ. ಅದನ್ನು ಬದಿಗಿಟ್ಟು ಲೆಕ್ಕದ ಮೇಲೆ ಹೇಗೆ ಆರಿಸೋದು? ಸ್ಥಳ ನೋಡೋಕೆ ಹೋದಾಗ ಏನೇನು ಅಳೆಯಬೇಕು?

---

ಗುಂಟೆಲೆಕ್ಕ

ಮೊದಲು ಜಾಗ. ಪ್ಲಾಸ್ಟಿಕ್ ಕುರ್ಚಿ ಸಾಲಿಗೆ ಹಿಂದೆ ಮುಂದೆ ಮೂರು ಅಡಿ, ಅಗಲಕ್ಕೆ ಒಂದೂಮುಕ್ಕಾಲು ಅಡಿ ಬೇಕು. ನಡುವಿನ ದಾರಿಗಳನ್ನೂ ಸೇರಿಸಿದರೆ ಒಂದು ತಲೆಗೆ 8 ಚದರಡಿ ಹಿಡಿಯಿರಿ. ಪೆಂಡಾಲಿನವರು 5 ಅಥವಾ 6 ಅಂತ ಹೇಳ್ತಾರೆ. ಅದು ದಾರಿಯೇ ಬಿಡದೆ ಕುರ್ಚಿ ತುಂಬಿದಾಗಿನ ಲೆಕ್ಕ, ಒಪ್ಪಬೇಡಿ.

ಪ್ರತಿನಿಧಿ ಸಭೆ: 2,800 × 8 = 22,400 ಚದರಡಿ. 100 × 240 ಅಡಿಯ ಪೆಂಡಾಲ್ ಸಾಕು. ಇಷ್ಟು ಜನ ಒಟ್ಟಿಗೆ ಕೂರುವ ಸಭಾಭವನ ಹುಡುಕುತ್ತ ತಿಂಗಳು ಕಳೆಯಬೇಡಿ. ಪೆಂಡಾಲ್ ಹಾಕಿ, ಊರಿನ ಸಭಾಭವನಗಳನ್ನು ಗೋಷ್ಠಿಗೆ, ಊಟಕ್ಕೆ, ವಸತಿಗೆ ಇಟ್ಟುಕೊಳ್ಳಿ.

ಬಹಿರಂಗ ಸಭೆ: 15,000 × 8 = 1,20,000 ಚದರಡಿ. ಗುಂಟೆಗೆ 1,089 ಚದರಡಿಯಂತೆ 110 ಗುಂಟೆ, ಅಂದ್ರೆ 2 ಎಕರೆ 30 ಗುಂಟೆ. ವೇದಿಕೆ ಮುಂದೆ ಭದ್ರತೆಗೆ ಖಾಲಿ ಬಿಡುವ 60 ಅಡಿ, ವೇದಿಕೆ ಹಿಂದಿನ ಕೋಣೆಗಳು, ಆಂಬುಲೆನ್ಸ್ ದಾರಿ, ಜನರೇಟರ್ ಜಾಗ ಸೇರಿದರೆ ಮೂರೂವರೆಯಿಂದ ನಾಲ್ಕು ಎಕರೆ. 400 ಮೀಟರ್ ಓಟದ ಪಥ ಇರುವ ಯಾವುದೇ ಕ್ರೀಡಾಂಗಣದ ಒಳಗಿನ ಅಳತೆ, ಪಥವೂ ಸೇರಿ, ಹೆಚ್ಚುಕಡಿಮೆ ಮೂರೂವರೆ ಎಕರೆ. ಹಾಗಾಗಿ 15,000 ಕೂರ್ತಾರೆ, 25,000 ಬಂದರೆ ಇಲ್ಲ. ನಿಮ್ಮ ಅಂದಾಜು ಎಷ್ಟು ಗಟ್ಟಿ ಅಂತ ಈಗಲೇ ನಿಮ್ಮ ನಿಮ್ಮಲ್ಲೇ ಕೇಳಿಕೊಳ್ಳಿ.

ಎರಡೂ ಸಭೆ ಒಂದೇ ಮೈದಾನದಲ್ಲಿ ಬೇಡ. ಮಧ್ಯಾಹ್ನ ಒಂದಕ್ಕೆ ಪ್ರತಿನಿಧಿ ಸಭೆ ಮುಗಿದು, ಮೂರಕ್ಕೆ ಜನ ಬರೋಕೆ ಶುರುವಾದರೆ ನಡುವೆ ಎರಡೇ ಗಂಟೆ. ಅಷ್ಟರಲ್ಲಿ ಪೆಂಡಾಲ್ ಪಕ್ಕದ ಬಟ್ಟೆ ಬಿಚ್ಚಿ, 12,000 ಕುರ್ಚಿ ಹೆಚ್ಚಿಗೆ ಹಾಕಿ, ಬ್ಯಾರಿಕೇಡ್ ಕಟ್ಟೋದು ಆಗದ ಕೆಲಸ. ನಡೆದು ಹೋಗುವಷ್ಟು ದೂರದಲ್ಲಿ ಎರಡು ಜಾಗ ಇರುವ ಊರಿಗೆ ಹೆಚ್ಚಿನ ಅಂಕ ಕೊಡಿ.

ಇನ್ನು ದಿಕ್ಕು. ಕರಾವಳಿಯಲ್ಲಿ ಎಡವೋದು ಇಲ್ಲೇ. ಕಡಲು ಪಶ್ಚಿಮಕ್ಕೆ, ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದ ನೆಲಕ್ಕೆ. ಚಂದ ಕಾಣುತ್ತೆ ಅಂತ ಕಡಲಿಗೆ ಬೆನ್ನು ಮಾಡಿ ವೇದಿಕೆ ಕಟ್ಟಿದರೆ ಎರಡು ತೊಂದರೆ. ಜನರ ಕಣ್ಣಿಗೆ ನಾಲ್ಕರಿಂದ ಆರರವರೆಗೆ ನೇರ ಬಿಸಿಲು. ಹಿನ್ನೆಲೆಯ ಪರದೆಗೆ ಹಾಯಿಗೆ ಹೊಡೆದ ಹಾಗೆ ಗಾಳಿ. 40 × 20 ಅಡಿಯ ಪರದೆಗೆ ಗಂಟೆಗೆ 45 ಕಿ.ಮೀ. ಗಾಳಿ ಬಿದ್ದರೆ ಸುಮಾರು 700 ಕೆ.ಜಿ. ತಳ್ಳು ಬರುತ್ತೆ. ಮರಳಲ್ಲಿ ಹೂತ ಕಂಬ ಅದನ್ನು ತಡೆಯಲ್ಲ. ವೇದಿಕೆಯನ್ನು ಉತ್ತರಕ್ಕೋ ದಕ್ಷಿಣಕ್ಕೋ ಇಡಿ, ಪರದೆ ಗಾಳಿಯ ಉದ್ದಕ್ಕೆ ಬರುತ್ತೆ. ಪರದೆ ಬಟ್ಟೆಯದ್ದೇ ಇರಲಿ. ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಇದೆ, ಮೇಲಾಗಿ ಬಟ್ಟೆ ಸ್ವಲ್ಪ ಗಾಳಿಯನ್ನು ಬಿಟ್ಟುಕೊಡುತ್ತೆ.

ಮರಳಿನ ಮೇಲೇ ಕಟ್ಟಬೇಕು ಅಂತಾದರೆ ಪ್ರತಿ ಕಂಬದಡಿ ಎರಡಡಿ ಚೌಕದ ಹಲಗೆ ಅಥವಾ ಕಬ್ಬಿಣದ ತಟ್ಟೆ ಹಾಕಿ. ಹಗ್ಗವನ್ನು ಗೂಟಕ್ಕೆ ಕಟ್ಟಬೇಡಿ, 200 ಲೀಟರಿನ ಡ್ರಮ್‌ಗೆ ನೀರು ತುಂಬಿ ಅದಕ್ಕೆ ಕಟ್ಟಿ. ಘಟ್ಟದ ಮೇಲಿನ ಜಂಬಿಟ್ಟಿಗೆ (ಗಟ್ಟಿ ಕೆಂಪುಕಲ್ಲು) ನೆಲದಲ್ಲಿ ಸಮಸ್ಯೆ ತಿರುವುಮುರುವು: ಗೂಟ ಇಳಿಯೋದೇ ಇಲ್ಲ, ಹಾರೆಯಲ್ಲಿ ಗುಂಡಿ ತೋಡೋಕೆ ಒಂದು ದಿನ ಹೆಚ್ಚು ಹಿಡಿಯುತ್ತೆ. ಕ್ರೀಡಾಂಗಣದಲ್ಲಾದರೆ ಗುಂಡಿ ತೋಡೋಕೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ತೂಕದ ಮೇಲೆ ನಿಲ್ಲುವ ಜರ್ಮನ್ ಟೆಂಟ್ ತರಿಸಬೇಕು. ಅದು ಹುಬ್ಬಳ್ಳಿಯಿಂದಲೋ ಮಂಗಳೂರಿಂದಲೋ ಬರಬೇಕಾಗುತ್ತೆ, ಸಾಗಾಣಿಕೆ ಖರ್ಚು ಬೇರೆ.

ವೇದಿಕೆ 60 × 32 ಅಡಿ, ಎತ್ತರ 6 ಅಡಿ. 40 ಕುರ್ಚಿ ಅಂತ ಬರೆದುಕೊಂಡರೂ ಕೊನೇ ಹತ್ತು ನಿಮಿಷದಲ್ಲಿ ಹಾರ ಹಿಡಿದು ನೂರೈವತ್ತು ಜನ ಹತ್ತುತ್ತಾರೆ. ಅಷ್ಟೂ ತೂಕ ಮುಂಭಾಗಕ್ಕೇ ಬೀಳುತ್ತೆ. ಚದರ ಮೀಟರಿಗೆ 500 ಕೆ.ಜಿ. ತಡೆಯುವ ಹಾಗೆ ಕಟ್ಟಿಸಿ, ಲೋಕೋಪಯೋಗಿ ಇಲಾಖೆಯ ದೃಢತೆ ಪ್ರಮಾಣಪತ್ರ ಹಿಂದಿನ ದಿನವೇ ಕೈಯಲ್ಲಿರಲಿ. ಮೆಟ್ಟಿಲಲ್ಲಿ ಪಾಸ್ ನೋಡುವವರು ಆ ಊರಿನವರು ಆಗಿರಬಾರದು. ಊರಿನವರು ಯಾರನ್ನೂ ತಡೆಯಲ್ಲ.

---

ಘಟ್ಟದ್ದಾರಿ

ಮೈದಾನದ ಲೆಕ್ಕ ಸರಿ. ಆದರೆ ಈ ಜಿಲ್ಲೇಲಿ ಊರು ಆರಿಸೋದು ಅಂದ್ರೆ ಘಟ್ಟ ಯಾರು ಇಳೀಬೇಕು, ಯಾರು ಹತ್ತಬೇಕು ಅಂತ ಆರಿಸೋದು.

ಕಾರವಾರ ಜಿಲ್ಲಾಕೇಂದ್ರ ಹೌದು, ಆದರೆ ನಕ್ಷೆಯಲ್ಲಿ ಮೂಲೆ. ಮುಂಡಗೋಡದ ಕಾರ್ಯಕರ್ತ ಯಲ್ಲಾಪುರಕ್ಕೆ ಬಂದು, ಅರಬೈಲ್ ಘಟ್ಟ ಇಳಿದು, ಅಂಕೋಲಾ ದಾಟಿ ಕಾರವಾರ ಸೇರೋಕೆ ಬಸ್ಸಲ್ಲಿ ನಾಲ್ಕು ತಾಸು ಹಿಡೀತು ಅಂತಿಟ್ಟುಕೊಳ್ಳಿ. ಸಭೆ ಮುಗಿಸಿ ಮನೆ ಮುಟ್ಟೋದು ನಡುರಾತ್ರಿ ಮೇಲೆ. ಕರಾವಳಿಯೊಳಗೆ ಕುಮಟಾ ನಡುಮಧ್ಯ: ಕಾರವಾರಕ್ಕೆ ಸುಮಾರು 70 ಕಿ.ಮೀ., ಭಟ್ಕಳಕ್ಕೆ ಸುಮಾರು 60, ಶಿರಸಿಗೂ ಸುಮಾರು 60. ಹಳಿಯಾಳ, ಖಾನಾಪುರ, ಕಿತ್ತೂರಿನವರಿಗೆ ಮಾತ್ರ ಶಿರಸಿಯೇ ವಾಸಿ. ಅವರು ಘಟ್ಟ ಇಳಿಯೋದು ತಪ್ಪುತ್ತೆ.

ಘಟ್ಟದ ರಸ್ತೆಗಳ ಸ್ಥಿತಿಯನ್ನು ಸಭೆಗೆ ಎರಡು ತಿಂಗಳು ಮೊದಲು, ಆಮೇಲೆ ವಾರ ಮೊದಲು, ಎರಡು ಸಲ ವಿಚಾರಿಸಿ. ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ ಅಗಲೀಕರಣ ಕಾಮಗಾರಿಗಾಗಿ ಹಲವು ಬಾರಿ ಬಂದ್ ಆಗಿದೆ. ಅದು ಬಂದ್ ಆದರೆ ಶಿರಸಿ ಕಡೆಯ ಬಸ್ಸುಗಳು ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಮೇಲಿಂದ ಹೊನ್ನಾವರಕ್ಕೆ ಇಳೀಬೇಕು, ಇಲ್ಲವೇ ಯಲ್ಲಾಪುರ, ಅಂಕೋಲಾ ಸುತ್ತಬೇಕು. ಎರಡು ತಾಸಿನ ದಾರಿ ಮೂರೂವರೆ ತಾಸಾಗುತ್ತೆ. ಕುಮಟಾಕ್ಕೆ ಕೊಟ್ಟ ‘ನಡುಮಧ್ಯ’ ಅನ್ನೋ ಅಂಕ ಅಲ್ಲೇ ಅಳಿಸಿಹೋಗುತ್ತೆ. ಬಡಾಳ, ವಡ್ಡಿ ಘಟ್ಟಗಳ ಹೆಸರು ಯಾರಾದ್ರೂ ಹೇಳಿದರೆ ಕಾರಿಗೆ ಸರಿ, ಬಸ್ಸಿಗೆ ಅಲ್ಲ.

ಮಳೆಗಾಲದಲ್ಲಂತೂ ಈ ಯೋಚನೆಯೇ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯ್ತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಸೇತುವೆ ಬಿದ್ದ ಮೇಲೆ ಎರಡೂ ದಿಕ್ಕಿನ ವಾಹನ ಹೊಸ ಸೇತುವೆ ಮೇಲೇ ಬಂದವು. ಗೋವಾ ಕಡೆಯಿಂದ ನಾಯಕರು ಬರೋದಾದ್ರೆ ಆ ಒಂದು ಸೇತುವೆಯನ್ನು ಲೆಕ್ಕದಲ್ಲಿಡಿ.

ಪಾರ್ಕಿಂಗ್: 15,000ದಲ್ಲಿ 9,000 ಜನ ಬಸ್ಸಲ್ಲಿ ಬಂದರೆ 50ರಂತೆ 180 ಬಸ್ಸು. ತಿರುಗಿಸೋ ಜಾಗ ಸೇರಿ ಎಕರೆಗೆ 45 ಬಸ್ಸು ಹಿಡಿದರೆ 4 ಎಕರೆ. ಕ್ರೂಸರ್, ಟೆಂಪೋಗಳಿಗೆ ಇನ್ನೆರಡು ಎಕರೆ, ಬೈಕಿಗೆ ಒಂದು. ನೋಡಿ, ಸಭೆಯ ಮೈದಾನ ನಾಲ್ಕು ಎಕರೆ, ಗಾಡಿ ನಿಲ್ಲೋಕೆ ಏಳು. ಎಲ್ಲರೂ ಮೈದಾನ ನೋಡೋಕೆ ಹೋಗ್ತಾರೆ, ಪಾರ್ಕಿಂಗ್ ನೋಡೋಕೆ ಯಾರೂ ಹೋಗಲ್ಲ.

ಕುಮಟಾದಲ್ಲಿ ‘ಗದ್ದೆ ಇದೆಯಲ್ಲ, ಕೊಯ್ಲಾಗಿರುತ್ತೆ’ ಅಂತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ, ಉದ್ದು ಬಿತ್ತಿದ್ದರೆ ಮುಗೀತು. ಅಳ್ವೆಕೋಡಿ, ಹಂದಿಗೋಣದ ಕಡೆ ಆಗ ಈರುಳ್ಳಿ ನಾಟಿ ಆಗಿರುತ್ತೆ, ಅಲ್ಲಿ ಕಾಲಿಡೋ ಮಾತೇ ಇಲ್ಲ. ಬೀಳುಬಿಟ್ಟ ಗದ್ದೆ ಸಿಕ್ಕಿದರೂ ಹಾಳಿ (ಗದ್ದೆಯ ಬದು) ಕಡಿದು ದಾರಿ ಮಾಡಬೇಕು, ಸಭೆ ಮುಗಿದ ಮೇಲೆ ಮತ್ತೆ ಕಟ್ಟಿಕೊಡಬೇಕು. ಅದನ್ನು ಮಾಲೀಕರ ಹತ್ತಿರ ಕಾಗದದಲ್ಲಿ ಬರೆದುಕೊಳ್ಳಿ.

ದೊಡ್ಡ ಸಭೆಗಳ ಜಾಗ ನೋಡಿದ್ರೂ ಎರಡು ದಾರಿ ಕಾಣುತ್ತೆ. 2023ರ ಮೇ 3ರ ಪ್ರಧಾನಿ ಸಭೆ ಅಂಕೋಲಾ ತಾಲೂಕಿನ ಹಟ್ಟಿಕೇರಿ ಬಳಿ, ಹೆದ್ದಾರಿ ಬದಿಯ ಬಯಲಲ್ಲಿ. 2024ರ ಏಪ್ರಿಲ್ 28ರದ್ದು ಶಿರಸಿಯ ಜಿಲ್ಲಾ ಕ್ರೀಡಾಂಗಣದಲ್ಲಿ. ಬಯಲಲ್ಲಾದರೆ ಗಾಡಿ ಸುಲಭ, ನೀರು, ಕರೆಂಟು, ಶೌಚಾಲಯ ಎಲ್ಲ ಹೊರಗಿಂದ ತರಬೇಕು. ಊರೊಳಗಿನ ಕ್ರೀಡಾಂಗಣದಲ್ಲಿ ಅವೆಲ್ಲ ಹತ್ತಿರ, ಗಾಡಿ ಮಾತ್ರ ಊರ ಹೊರಗೆ ನಿಲ್ಲಬೇಕು, ಜನ ನಡೀಬೇಕು. ಒಂದೂವರೆ ಕಿ.ಮೀ.ಗಿಂತ ಹೆಚ್ಚು ನಡೆಸಿದರೆ ವಯಸ್ಸಾದವರು ದಾರೀಲೇ ಕೂತುಬಿಡ್ತಾರೆ.

ಬಸ್ ಇಳಿಸೋಕೆ ಒಂದಕ್ಕೆ ಮೂರು ನಿಮಿಷ. ಒಂದೂವರೆ ತಾಸಲ್ಲಿ 180 ಬಸ್ ಇಳಿಸಬೇಕಾದ್ರೆ ಏಕಕಾಲಕ್ಕೆ ಆರು ಬಸ್ ನಿಲ್ಲೋ ಜಾಗ ಬೇಕು. ಹೊರಡುವಾಗ ಎಲ್ಲ ಬಸ್ಸನ್ನೂ ಎಡಕ್ಕೇ ತಿರುಗಿಸಿ ಮುಂದಿನ ತಿರುವಿನಲ್ಲಿ ಮರಳಿಸಿ. ಹೆದ್ದಾರಿಯಲ್ಲಿ ಬಲಕ್ಕೆ ದಾಟಿಸೋಕೆ ಹೋದರೆ ಒಂದು ಬಸ್ ಅಡ್ಡ ನಿಂತು ಹಿಂದಿನ 179 ನಿಲ್ಲುತ್ತವೆ. ವಾಯವ್ಯ ಸಾರಿಗೆಯ ಬಸ್ಸನ್ನು ಒಪ್ಪಂದದ ಮೇಲೆ ಪಡೀತೀರಾದರೆ ಶಿರಸಿ ವಿಭಾಗ ಕಚೇರಿಗೆ ಬೇಗ ಬರೆಯಿರಿ. ಶಾಲಾ ಪ್ರವಾಸದ ಕಾಲ ಅದು. ಹಟ್ಟಿಕೇರಿ, ಹೊಳೆಗದ್ದೆ, ಶಿರಾಲಿ ಟೋಲ್‌ಗಳಲ್ಲಿ ಖಾಸಗಿ ಬಸ್ಸಿನ ಫಾಸ್ಟ್ಯಾಗ್ ಖಾಲಿ ಇದ್ದರೆ ಅಲ್ಲೇ ಸಾಲು ನಿಲ್ಲುತ್ತೆ. ಹಿಂದಿನ ದಿನ ತುಂಬಿಸಿಡೋಕೆ ಹೇಳಿ.

---

ಕಾಳಿಮುಖ

ಕಾರವಾರವನ್ನು ‘ಮೂಲೆ’ ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ ಮಾರಾಯ್ರೆ. ಬೆಂಗಳೂರಿಂದ ಬರೋ ರಾಜ್ಯ ಪದಾಧಿಕಾರಿಗಳಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ತಂದು ಇಳಿಸುತ್ತೆ. ಶಿರಸಿಗೆ ರೈಲೇ ಇಲ್ಲ. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ವೈದ್ಯಕೀಯ ಕಾಲೇಜು ಆಸ್ಪತ್ರೆ ಎಲ್ಲ ಇಲ್ಲೇ. ಅನುಮತಿಗೆ ಓಡಾಡೋ ಕೆಲಸ ಅರ್ಧ ಕಡಿಮೆ. ಸರಿ, ಶಿರವಾಡದ ರೈಲು ನಿಲ್ದಾಣದಿಂದ ಊರಿಗೆ ಆಟೋ ಹಿಡೀಬೇಕು, ಒಪ್ಪಿದೆ.

ಆದರೆ ಕಡಲತೀರದ ವೇದಿಕೆ ಬಗ್ಗೆ ಗುಂಟೆಲೆಕ್ಕ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ. ಒಂದು, ಕರಾವಳಿ ನಿಯಂತ್ರಣ ವಲಯ. ತಾತ್ಕಾಲಿಕ ಪೆಂಡಾಲ್ ಆದ್ರೂ ಜಿಲ್ಲಾಡಳಿತದ ಒಪ್ಪಿಗೆ ಬೇಕು, ಮರಳಲ್ಲಿ ಕಾಂಕ್ರೀಟ್ ಹಾಕುವಂತಿಲ್ಲ. ಎರಡು, ತೀರ ಉದ್ದ, ಅಗಲ ಕಡಿಮೆ. ಒಂದು ಕಡೆ ನೀರು, ಇನ್ನೊಂದು ಕಡೆ ಹೆದ್ದಾರಿ. ಜನ ನುಗ್ಗಿದರೆ ಹೊರಹೋಗೋ ದಿಕ್ಕು ಒಂದೇ. ಸಂಗೀತ ಕಾರ್ಯಕ್ರಮಕ್ಕೆ ಜನ ಬರ್ತಾ ಹೋಗ್ತಾ ಇರ್ತಾರೆ, ರಾಜಕೀಯ ಸಭೆಗೆ ಹಾಗಲ್ಲ, ಭಾಷಣ ಮುಗಿದ ಕೂಡಲೇ 15,000 ಜನ ಒಟ್ಟಿಗೆ ಏಳ್ತಾರೆ. ನಾನಾದ್ರೆ ಕಾರವಾರದಲ್ಲಿ ಪ್ರತಿನಿಧಿ ಸಭೆ ಮಾತ್ರ ಇಡ್ತೀನಿ.

ಡ್ರೋನ್‌ನಲ್ಲಿ ಚಿತ್ರೀಕರಣ ಅಂದುಕೊಂಡಿದ್ದರೆ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮುಂಗಡ ಕೊಡಬೇಡಿ. ಅರ್ಗಾದಲ್ಲಿ ನೌಕಾನೆಲೆ ಇದೆ.

---

ಸ್ಥಳಸಮಿತಿ

ತುಂಬ ಉಪಯೋಗ ಆಯ್ತು. ಪಾರ್ಕಿಂಗ್ ಏಳು ಎಕರೆ ಅನ್ನೋದನ್ನು ನಾವು ಯೋಚಿಸಿಯೇ ಇರಲಿಲ್ಲ. ದಿನಾಂಕ ಇನ್ನೂ ಗಟ್ಟಿ ಆಗಿಲ್ಲ. ಡಿಸೆಂಬರ್ ಕೊನೇ ವಾರ ಅಥವಾ ಫೆಬ್ರವರಿ ಅಂತಿದೆ. ಊರು ಮೊದಲು ತೀರ್ಮಾನಿಸಬೇಕಾ, ದಿನಾಂಕ ಮೊದಲಾ? ಅನುಮತಿಗಳು ಯಾವ ಕ್ರಮದಲ್ಲಿ?

---

ಪಂಚಾಂಗ

ದಿನಾಂಕ ಮೊದಲು. ನಿಮ್ಮ ಎರಡೂ ಆಯ್ಕೆ ಸರಿ ಇಲ್ಲ.

ಡಿಸೆಂಬರ್ 20ರಿಂದ ಜನವರಿ 2ರವರೆಗೆ ಗೋಕರ್ಣ, ಮುರ್ಡೇಶ್ವರ, ಕಾರವಾರ, ದಾಂಡೇಲಿ ಎಲ್ಲ ಕಡೆ ಪ್ರವಾಸಿಗರು. ಲಾಡ್ಜ್ ಸಿಗಲ್ಲ, ಸಿಕ್ಕರೂ ಬಾಡಿಗೆ ಎರಡು ಪಟ್ಟು. ಫೆಬ್ರವರಿಯಲ್ಲಿ ಮದುವೆ ಜೋರು, ಶಿವರಾತ್ರಿ ಹತ್ತಿರವಾದರೆ ಗೋಕರ್ಣದ ಕಡೆ ರಸ್ತೆ ತುಂಬಿರುತ್ತೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024, 2026 ಹೀಗೆ ಸಮ ವರ್ಷಗಳಲ್ಲಿ. ಆ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಶಿರಸಿಯ ಹೆಸರನ್ನೇ ಎತ್ತಬೇಡಿ. ಪೆಂಡಾಲ್, ಅಂಗಡಿ, ಪೊಲೀಸ್ ಎಲ್ಲ ಜಾತ್ರೆಗೇ. ಮಾರ್ಚ್‌ನಿಂದ ಪರೀಕ್ಷೆ. ಶಾಲಾ ಕಾಲೇಜಿನ ಮೈದಾನವೂ ಇಲ್ಲ, ಧ್ವನಿವರ್ಧಕವೂ ಇಲ್ಲ. ಏಪ್ರಿಲ್, ಮೇಯಲ್ಲಿ ಘಟ್ಟದ ಮೇಲೆ ಸಂಜೆ ಗುಡುಗುಮಳೆ.

ಉಳಿಯೋದು ಜನವರಿ 4ರಿಂದ 13. ಅದು ಧನುರ್ಮಾಸ. ಮದುವೆ ಇಲ್ಲ, ಹಾಗಾಗಿ ಕಲ್ಯಾಣ ಮಂಟಪ ಖಾಲಿ, ಅಡಿಗೆ ಭಟ್ಟರು ಖಾಲಿ, ಕುರ್ಚಿ ಪಾತ್ರೆ ಎಲ್ಲ ಗೋದಾಮಿನಲ್ಲಿ. ದರ ಕೇಳೋ ಬಲ ನಿಮ್ಮ ಕಡೆ ಇರುತ್ತೆ. ಒಂದೇ ಎಚ್ಚರಿಕೆ: ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರ್ತೀನಿ ಅಂದ ದಿನ ತೋಟದವರು ಯಾವ ನಾಯಕ ಬಂದರೂ ಅಂಗಳ ಬಿಟ್ಟು ಬರಲ್ಲ. ಆ ಮೂರು ತಾಲೂಕಿಂದ ಬರೋ ಜನರ ಅಂದಾಜನ್ನು ಮೂರನೇ ಒಂದು ಭಾಗ ಇಳಿಸಿ. ಕರಾವಳಿಯಲ್ಲಿ ಯಕ್ಷಗಾನದ ಡೇರೆ ಮೇಳಗಳು ಅದೇ ಬಯಲುಗಳನ್ನು ಹಿಡಿದಿರ್ತವೆ. ಮೈದಾನದವರ ಹತ್ತಿರ ‘ಹಿಂದಿನ ರಾತ್ರಿ ಆಟ ಇದೆಯಾ’ ಅಂತ ಕೇಳಿ.

ಅಮೆರಿಕದ ಪಕ್ಷಗಳು ರಾಷ್ಟ್ರೀಯ ಸಮಾವೇಶದ ಊರನ್ನು ಒಂದು ವರ್ಷಕ್ಕೂ ಹೆಚ್ಚು ಮೊದಲೇ ಆರಿಸ್ತಾವೆ. ಮೊದಲು ನೋಡೋದು ಹೋಟೆಲ್ ಕೋಣೆಗಳ ಸಂಖ್ಯೆ, ಕ್ರೀಡಾಂಗಣ ಎಷ್ಟು ವಾರ ಖಾಲಿ ಸಿಗುತ್ತೆ, ಭದ್ರತೆ. 2024ರಲ್ಲಿ ರಿಪಬ್ಲಿಕನ್ನರು ಮಿಲ್ವಾಕಿಯಲ್ಲಿ, ಡೆಮಾಕ್ರಟರು ಶಿಕಾಗೋದಲ್ಲಿ ಬಾಸ್ಕೆಟ್‌ಬಾಲ್ ಒಳಾಂಗಣಗಳನ್ನೇ ಹಿಡಿದರು. ಒಂದೊಂದು ಊರಿಗೂ ಭದ್ರತೆಗೆ ಅಂತಲೇ ಕೇಂದ್ರದಿಂದ 7.5 ಕೋಟಿ ಡಾಲರ್ ಹೋಯ್ತು. ಆ ದುಡ್ಡು ನಮಗಿಲ್ಲ, ಅವರು ಎಡವಿದ್ದನ್ನು ಮಾತ್ರ ಪುಕ್ಕಟೆ ಕಲೀಬಹುದು. 2012ರಲ್ಲಿ ರಿಪಬ್ಲಿಕನ್ನರು ಚಂಡಮಾರುತದ ಕಾಲದಲ್ಲಿ ಫ್ಲೋರಿಡಾದ ಟಾಂಪಾಕ್ಕೆ ಹೋಗಿ ಮೊದಲ ದಿನದ ಕಾರ್ಯಕ್ರಮವನ್ನೇ ಕೈಬಿಟ್ಟರು. ಅದೇ ವರ್ಷ ಡೆಮಾಕ್ರಟರು ಷಾರ್ಲಟ್‌ನಲ್ಲಿ ಒಬಾಮಾ ಭಾಷಣವನ್ನು ಬಯಲು ಕ್ರೀಡಾಂಗಣದಲ್ಲಿ ಇಟ್ಟಿದ್ದರು, ಗುಡುಗಿನ ಮುನ್ಸೂಚನೆ ನೋಡಿ ಹಿಂದಿನ ದಿನ ಒಳಾಂಗಣಕ್ಕೆ ಬದಲಾಯಿಸಿದರು. ಒಳಾಂಗಣ ಮೊದಲೇ ಕೈಯಲ್ಲಿದ್ದದ್ದರಿಂದ ಅದು ಆಯ್ತು. ನಿಮ್ಮಲ್ಲಿ ಜನವರಿಯ ಅಕಾಲಿಕ ಮಳೆಗೆ ಪ್ರತಿನಿಧಿ ಪೆಂಡಾಲಿನ ಮಾಡಾದರೂ ನೀರು ಬಿಡದ ಹಾಗಿರಲಿ.

ಹತ್ತಿರದ ಉದಾಹರಣೆ ಬೇಕಾದ್ರೆ 1924ರ ಡಿಸೆಂಬರ್‌ನ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಅಲ್ಲಿ ನೀರಿಗಾಗಿ ಬಾವಿಯನ್ನೇ ತೋಡಿದರು. ಅದು ಕಾಂಗ್ರೆಸ್ ಬಾವಿ ಅಂತ ಈಗಲೂ ಇದೆ.

ಅನುಮತಿಯ ಕ್ರಮ ಹೀಗಿರಲಿ. ಮೊದಲು ಮೈದಾನದ ಮಾಲೀಕರ ಲಿಖಿತ ಒಪ್ಪಿಗೆ. ಅದಿಲ್ಲದೆ ಬೇರೆ ಯಾವ ಕಚೇರಿಯೂ ಅರ್ಜಿ ಮುಟ್ಟಲ್ಲ. ಆಮೇಲೆ ಪೊಲೀಸ್ ಠಾಣೆ ಮತ್ತು ಡಿವೈಎಸ್‌ಪಿ ಕಚೇರಿಗೆ ನಕ್ಷೆ ಸಮೇತ ಅರ್ಜಿ: ಬಾಗಿಲು, ಪಾರ್ಕಿಂಗ್, ಜನರ ಅಂದಾಜು ಎಲ್ಲ ಗುರುತು ಮಾಡಿ. ಜೊತೆಜೊತೆಗೆ ನಗರಸಭೆ ಅಥವಾ ಪುರಸಭೆಗೆ ಕಸ, ನೀರು, ಬ್ಯಾನರ್ ಕುರಿತು. ಅಗ್ನಿಶಾಮಕ ದಳ, ಹೆಸ್ಕಾಂ ತಾತ್ಕಾಲಿಕ ಸಂಪರ್ಕ, ಆರೋಗ್ಯ ಇಲಾಖೆಗೆ ಆಂಬುಲೆನ್ಸ್, ಹೆದ್ದಾರಿ ಬದಿಯಾದರೆ ಹೆದ್ದಾರಿ ಪ್ರಾಧಿಕಾರ. ವೇದಿಕೆಯ ದೃಢತೆ ಪತ್ರ ಮತ್ತು ವಿದ್ಯುತ್ ತಪಾಸಣೆ ಕಟ್ಟಿದ ಮೇಲೇ ಆಗೋದು. ಅದಕ್ಕಾಗಿ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಕಟ್ಟೋ ಕೆಲಸ ಮುಗಿದಿರಬೇಕು. ಹಿಂದಿನ ರಾತ್ರಿ ಮುಗಿಸ್ತೀವಿ ಅನ್ನುವ ಗುತ್ತಿಗೆದಾರ ಬೇಡ. ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಲೇಬೇಕು. ಅಷ್ಟರೊಳಗೆ ಚುನಾವಣೆ ಘೋಷಣೆ ಆದರೆ ಎಲ್ಲ ಅರ್ಜಿಯೂ ಚುನಾವಣಾ ಆಯೋಗದ ಆನ್‌ಲೈನ್ ವ್ಯವಸ್ಥೆ (ಸುವಿಧಾ) ಮೂಲಕ ಹೊಸದಾಗಿ, ಮೊದಲು ಕೇಳಿದವರಿಗೆ ಮೊದಲು.

ಹೆಲಿಕಾಪ್ಟರ್ ಬಗ್ಗೆ: ಜನವರಿಯಲ್ಲಿ ಸೂರ್ಯ ಮುಳುಗೋದು ಆರೂಕಾಲರ ಸುಮಾರಿಗೆ. ಐದೂವರೆಗೆ ನಾಯಕರು ಹೆಲಿಪ್ಯಾಡಿನಲ್ಲಿರಬೇಕು. ಅಂದ್ರೆ ನಿಮ್ಮ ‘ಸಂಜೆ ಸಭೆ’ ನಿಜದಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗೋ ಸಭೆ. ಸಂಜೆಯೇ ಬೇಕು ಅಂದ್ರೆ ಶಿರಸಿಯಿಂದ ಹುಬ್ಬಳ್ಳಿಗೆ 100 ಕಿ.ಮೀ. ರಸ್ತೆ ಪ್ರಯಾಣಕ್ಕೆ ಅವರನ್ನು ಮೊದಲೇ ಒಪ್ಪಿಸಿ. ಶಿರಸಿಯಲ್ಲಿ ಬೆಳಗಿನ ಮಂಜು ಎಂಟೂವರೆವರೆಗೂ ಕೂತಿರಬಹುದು, ಬೆಳಿಗ್ಗೆ ಬರೋ ಯೋಜನೆ ಬೇಡ. ಹೆಲಿಪ್ಯಾಡಿಗೆ 50 ಮೀಟರ್ ಚೌಕದ ಬಯಲು, ಸುತ್ತ ವಿದ್ಯುತ್ ತಂತಿ ಇರಬಾರದು, ಇಳಿಯೋ ಅರ್ಧ ತಾಸು ಮೊದಲು ನೀರು ಹೊಡೀಬೇಕು. ಕೆಂಪು ಧೂಳು ಎದ್ದರೆ ಪೈಲಟ್‌ಗೆ ನೆಲ ಕಾಣಲ್ಲ.

---

ಮೂರುಫೇಸು

ಕರೆಂಟಿನ ಮಾತು ಯಾರೂ ಎತ್ತಲಿಲ್ಲ. ಬಹಿರಂಗ ಸಭೆಗೆ ಧ್ವನಿ 25 ಕಿಲೋವ್ಯಾಟ್, ಮೂರು ಎಲ್‌ಇಡಿ ಪರದೆ 15, ವೇದಿಕೆ ದೀಪ 20, ಮೈದಾನದ ದೀಪ 8, ಫ್ಯಾನು 15. ಒಟ್ಟು 83 ಕಿಲೋವ್ಯಾಟ್, ಜನರೇಟರಿನ ಅಳತೆಯಾದ ಕೆವಿಎಗೆ ತರೋಕೆ 0.8ರಿಂದ ಭಾಗಿಸಿದರೆ 104 ಕೆವಿಎ. 125 ಕೆವಿಎ ಜನರೇಟರ್ ಎರಡು ತನ್ನಿ, ಒಂದು ಓಡಲು, ಒಂದು ಕಾಯಲು. ಮುಕ್ಕಾಲು ಹೊರೆಯಲ್ಲಿ ಗಂಟೆಗೆ ಸುಮಾರು 20 ಲೀಟರ್ ಡೀಸೆಲ್. ಹೆಸ್ಕಾಂ ಲೈನನ್ನು ಬರೀ ದೀಪಕ್ಕೆ ಇಡಿ. ಧ್ವನಿಗೂ ಪರದೆಗೂ ಜನರೇಟರ್.

ಅರ್ತಿಂಗ್: ಜನವರಿಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುತ್ತೆ. ಬರೀ ಸರಳು ಹೊಡೆದರೆ ಅರ್ತ್ ಸಿಗಲ್ಲ, ಮೈಕ್ ಮುಟ್ಟಿದವರಿಗೆ ಚುರ್ ಅನ್ನುತ್ತೆ. ಎರಡು ಗುಂಡಿ, ಇದ್ದಿಲು ಉಪ್ಪು ತುಂಬಿ, ಮೂರು ದಿನ ಮೊದಲಿಂದ ದಿನಕ್ಕೆರಡು ಸಲ ನೀರು. ಕರಾವಳಿಯ ಮರಳಲ್ಲಿ ಕೆಳಗೆ ತೇವ ಇರೋದರಿಂದ ಇದು ಸುಲಭ, ಆದರೆ ಉಪ್ಪುಗಾಳಿಗೆ ಕ್ಲಾಂಪ್ ತುಕ್ಕು ಹಿಡಿದಿರುತ್ತೆ, ಉಜ್ಜಿ ಹಾಕಿಸಿ.

ಧ್ವನಿ: 70 ಮೀಟರ್ ಆಚೆ ಎರಡನೇ ಸ್ಪೀಕರ್ ಗೋಪುರ ಬೇಕು, ಅದಕ್ಕೆ ಸುಮಾರು 205 ಮಿಲಿಸೆಕೆಂಡ್ ತಡ ಕೊಡಬೇಕು. ಕೊಡದಿದ್ದರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡು ಸಲ. ಕ್ರೀಡಾಂಗಣದ ಗ್ಯಾಲರಿ ಗೋಡೆ ಎದುರಿಗಿದ್ದರೆ ಮರುದನಿಯೂ ಸೇರುತ್ತೆ, ಸ್ಪೀಕರನ್ನು ಸ್ವಲ್ಪ ಕೆಳಮುಖ ಮಾಡಿಸಿ.

---

ಹಾಳೆತಟ್ಟೆ

ವಸತಿ, ಊಟ ಚುಟುಕಾಗಿ. ಕಲ್ಯಾಣ ಮಂಟಪದಲ್ಲಿ ಒಬ್ಬರಿಗೆ 25 ಚದರಡಿ ಕೊಟ್ಟರೆ ಮಲಗೋಕೆ ಸಾಕು. ಬಿಗಿಯಾಗೋದು ಮಲಗೋ ಜಾಗ ಅಲ್ಲ, ಬೆಳಿಗ್ಗೆ ಆರರಿಂದ ಎಂಟು. ಒಬ್ಬರಿಗೆ ಆರು ನಿಮಿಷದಂತೆ ಒಂದು ಶೌಚಾಲಯ ಎರಡು ತಾಸಲ್ಲಿ 20 ಜನರಿಗೆ. ಮಂಟಪದಲ್ಲಿ ಎಂಟು ಶೌಚಾಲಯ ಇದ್ದರೆ 160 ಜನ, ಹಾಲ್ ಎಷ್ಟೇ ದೊಡ್ಡದಿರಲಿ. ಈ ಲೆಕ್ಕದಲ್ಲಿ ಎಷ್ಟು ಹಾಸಿಗೆ ಸಿಗುತ್ತೆ ಅಂತ ಮೂರೂ ಊರಲ್ಲಿ ಎಣಿಸಿ ಬನ್ನಿ. ಸಭಾಭವನ, ಮಂಟಪಗಳ ಮಟ್ಟಿಗೆ ಶಿರಸಿ ಕುಮಟಾಕ್ಕಿಂತ ಮುಂದಿರುತ್ತೆ ಅಂತ ನನ್ನ ಅಂದಾಜು. ಕ್ಷೇತ್ರವಾರು ಒಂದೊಂದು ಮಂಟಪ ಕೊಡಿ, ಹಾಜರಿ, ಬಸ್ಸು, ಊಟದ ಕೂಪನ್ ಎಲ್ಲ ಅಲ್ಲೇ ಮುಗಿಯುತ್ತೆ.

ಊಟಕ್ಕೆ ತಲೆಗೆ 130 ಗ್ರಾಂ ಅಕ್ಕಿ, 2,800 ಜನಕ್ಕೆ ಸುಮಾರು ಮೂರೂಮುಕ್ಕಾಲು ಕ್ವಿಂಟಲ್. ಬಡಿಸೋ ಒಂದು ಸಾಲಲ್ಲಿ ನಿಮಿಷಕ್ಕೆ ಹತ್ತು ಜನ ದಾಟ್ತಾರೆ, ಒಂದು ತಾಸಲ್ಲಿ ಮುಗಿಸೋಕೆ ಐದು ಸಾಲು ಬೇಕು. ಆರು ಇಡಿ. ಅಡಿಕೆ ಹಾಳೆ ತಟ್ಟೆ ಇಲ್ಲೇ ಸಿಗುತ್ತೆ, ಆದರೆ ಆಳ ಇರೋದನ್ನೇ ತಗೊಳ್ಳಿ, ಚಪ್ಪಟೆ ತಟ್ಟೇಲಿ ಸಾರು ನಿಲ್ಲಲ್ಲ. ಅಪ್ಪೆಹುಳಿಯನ್ನು (ಮಾವಿನ ಹುಳಿಸಾರು) ಬೆಳಿಗ್ಗೆಯೇ ಮಾಡಿಡಬೇಡಿ, ಊಟದ ಹೊತ್ತಿಗೆ ಕಲಸಿ. ಕುಡಿಯೋ ನೀರು ಬಹಿರಂಗ ಸಭೆಗೆ ತಲೆಗೆ ಒಂದೂವರೆ ಲೀಟರ್, 22,500 ಲೀಟರ್. ಟ್ಯಾಂಕರ್ ಸಭೆ ಶುರುವಾಗೋ ಮೊದಲೇ ಒಳಗೆ ನಿಂತಿರಬೇಕು, ಜನ ತುಂಬಿದ ಮೇಲೆ ಗಾಡಿ ಒಳಗೆ ಬರಲ್ಲ. ಹೆಣ್ಣುಮಕ್ಕಳು 6,000 ಅಂದರೆ 60 ಶೌಚಾಲಯ. ಇದನ್ನು ಅರ್ಧ ಮಾಡಿ ‘ಅಡ್ಜಸ್ಟ್’ ಅಂತ ಹೇಳುವವರು ಸಮಿತಿಯಲ್ಲಿ ಯಾವಾಗ್ಲೂ ಗಂಡಸರೇ.

---

ಗುಂಟೆಲೆಕ್ಕ

ಬಾಗಿಲಿನ ಲೆಕ್ಕ ಬಿಟ್ಟುಹೋಗಿತ್ತು. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದಿಂದ ನಿಮಿಷಕ್ಕೆ ಹೆಚ್ಚೆಂದರೆ 80 ಜನ ಹೊರಬರ್ತಾರೆ. 15,000 ಜನ ಹತ್ತು ನಿಮಿಷದಲ್ಲಿ ಹೊರಬೀಳೋಕೆ ಒಟ್ಟು 19 ಮೀಟರ್ ಬಾಗಿಲು. ಅತಿ ದೊಡ್ಡ ಬಾಗಿಲು ಯಾವುದೋ ಕಾರಣಕ್ಕೆ ಮುಚ್ಚಿಹೋಗಿದೆ ಅಂತ ಭಾವಿಸಿ ಉಳಿದವುಗಳಲ್ಲೇ ಈ 19 ಬರಬೇಕು. ನಾಲ್ಕು ಮೀಟರಿನ ಆರು ಬಾಗಿಲು, ಕನಿಷ್ಠ ಮೂರು ದಿಕ್ಕಿಗೆ. ನಾಯಕರ ಗಾಡಿಗೆ ಏಳನೆಯದು, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದಲ್ಲಿ 11 ಜನ ಸತ್ತದ್ದು ಬಾಗಿಲ ಹೊರಗಿನ ನೂಕುನುಗ್ಗಲಿನಲ್ಲಿ. ಆದ್ದರಿಂದ ಬಾಗಿಲಿನ ಹೊರಗೂ ನೋಡಿ. ಬಾಗಿಲು ನಾಲ್ಕು ಮೀಟರ್ ಇದ್ದು ಎದುರಿನ ಓಣಿ ಎರಡೂವರೆ ಇದ್ದರೆ ನಿಮ್ಮ ಬಾಗಿಲು ಎರಡೂವರೆ ಅಂತಲೇ ಲೆಕ್ಕ. ಗಟಾರದ ಮೇಲಿನ ಕಲ್ಲುಚಪ್ಪಡಿ, ಬಾಗಿಲ ಬುಡದ ಕಬ್ಬಿಣದ ಪಟ್ಟಿ, ಹೊರಗೆ ನಿಲ್ಲೋ ಗೂಡಂಗಡಿ, ಈ ಮೂರನ್ನು ಫೋಟೊ ತೆಗೆದುಕೊಳ್ಳಿ.

ಟೇಪು ಹಿಡಿದು ಮೂರೂ ಮೈದಾನಕ್ಕೆ ಒಂದೇ ದಿನ ಹೋಗಬೇಡಿ. ಒಂದೊಂದಕ್ಕೂ ಎರಡು ಸಲ ಹೋಗಿ: ನಾಲ್ಕು ಗಂಟೆಗೆ ಗಾಳಿ ಬಿಸಿಲು ನೋಡೋಕೆ, ರಾತ್ರಿ ಎಂಟಕ್ಕೆ ಹೊರದಾರಿಯ ಬೀದಿದೀಪ ಉರಿಯುತ್ತಾ ನೋಡೋಕೆ.

---

ಸ್ಥಳಸಮಿತಿ

ಸರಿ. ಜನವರಿ ಎರಡನೇ ವಾರ ಅಂತ ಇವತ್ತೇ ತಿಳಿಸ್ತೀವಿ. ದೇವಿಮನೆ ಘಟ್ಟ ತೆರೆದಿದ್ದರೆ ಕುಮಟಾ, ಇಲ್ಲದಿದ್ದರೆ ಶಿರಸಿ ಅಂತ ಎರಡಕ್ಕೂ ಮೈದಾನದ ಒಪ್ಪಿಗೆ ಪತ್ರ ಕೇಳ್ತೀವಿ. ಕಡಲತೀರದ ವೇದಿಕೆ ಪಟ್ಟಿಯಿಂದ ತೆಗೆದಿದ್ದೀವಿ. ನಾಳೆ ನಾಲ್ಕಕ್ಕೆ ಟೇಪು ಹಿಡಿದು ಮಣಕಿಗೆ ಹೋಗ್ತಿದ್ದೀವಿ, ಬಾಗಿಲಿನ ಅಳತೆ ಇಲ್ಲೇ ಹಾಕ್ತೀವಿ.